ಯಾಕ ಒದರತಾನ?

ತಾಳಿಕೋಟೆ ಸೀಮೆಯ ಒಂದು ಹಳ್ಳಿ. ಅಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಕಾಲೇಜಿಗೆ ಹೋಗುವ ಮಗ ಒಮ್ಮೆಯೂ ಅತ್ತಿರಲಿಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತನೆಂದರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಒಂದು ದಿನ ಅವ್ವ ಅದನ್ನು ತನ್ನ ಕಿವಿಗಿಟ್ಟು ನೋಡಿದಳು. ಗಿಟಾರ್, ಡ್ರಮ್ಮಿನ ಗದ್ದಲದಲ್ಲಿ ಯಾರೋ ಗಂಟಲು ಹರಿಯುವಂತೆ ಕೂಗುತ್ತಿದ್ದ.

"ಯಾಕ ಹಿಂಗ ಒದರತಾನೋ ತಮ್ಮಾ?"

"ಅವನವ್ವ ತೀರಿಕೊಂಡಾಳಬೇ. ಅದಕ್ಕ."

ಹಾಡು ಲಾಸ್ ಏಂಜಲೀಸ್‌ನ ಟುಶೆ ಅಮೋರೆ ತಂಡದ್ದು. ಗಾಯಕ ಜೆರೆಮಿ ಬೋಲ್ಮ್‌ನ ತಾಯಿ 2014ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ಆತ ವೇದಿಕೆಯ ಮೇಲೆ ಹಾಡುತ್ತಿದ್ದ. ಆ ಸಂಕಟವೇ 2016ರಲ್ಲಿ 'ಸ್ಟೇಜ್ ಫೋರ್' ಎಂಬ ಆಲ್ಬಂ ಆಯಿತು. ತಾಯಿ ಫೋನಿನಲ್ಲಿ ಬಿಟ್ಟುಹೋದ ಕೊನೆಯ ಮಾತನ್ನು ಕೇಳುವ ಧೈರ್ಯ ಆತನಿಗೆ ಬಹುಕಾಲ ಇರಲಿಲ್ಲ. ಆಲ್ಬಂ ಮುಗಿಯುವುದು ಆ ದನಿಯಿಂದಲೇ.

ಅವ್ವ ಏನೂ ಅನ್ನಲಿಲ್ಲ. ಮೊಹರಂ ಕತ್ತಲ ರಾತ್ರಿ ಮಗನನ್ನು ಅಲಾಯಿ ಕುಣಿಯ ಹತ್ತಿರ ಕರೆದೊಯ್ದಳು. ಹಿಂದೂಗಳು, ಮುಸಲ್ಮಾನರು ಕೂಡಿದ ರಿವಾಯತ್ ಮೇಳ ದಸ್ತಿ ಬೀಸುತ್ತ, ಹೆಜ್ಜೆ ಹಾಕುತ್ತ ಕನ್ನಡದಲ್ಲಿ ಹಾಡುತ್ತಿತ್ತು: ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ನೀರಿಲ್ಲದೆ ಬಳಲಿ ಮಡಿದ ಇಮಾಮ್ ಹುಸೇನರ ಕಥೆ, ಬಾಣಕ್ಕೆ ಬಲಿಯಾದ ಕೂಸು ಅಸ್ಗರನ ಕಥೆ. ಅಷ್ಟು ಹಳೆಯ ಸಾವಿಗೆ ಮುದುಕರ ಗಂಟಲು ಈಗಲೂ ಬಿಗಿಯುತ್ತಿತ್ತು.

ಅಪ್ಪ ನಿಲ್ಲುತ್ತಿದ್ದ ಜಾಗ ಖಾಲಿ ಇತ್ತು. ಹಿರಿಯರೊಬ್ಬರು ದಸ್ತಿ ಚಾಚಿದರು. ಹುಡುಗ ದನಿಗೂಡಿಸಲು ಹೋದ; ಬಂದದ್ದು ಅಳು. ಯಾರೂ ಸುಮ್ಮನಿರು ಎನ್ನಲಿಲ್ಲ. ಹಾಡೂ ನಿಲ್ಲಲಿಲ್ಲ.

ಮಕ್ಕಳ ಕಿವಿಯೊಳಗಿನ ಗದ್ದಲಕ್ಕೆ ಸಿಡುಕುವ ಮೊದಲು, ಅದು ಯಾರಿಗಾಗಿ ಅಳುತ್ತಿದೆ ಎಂದು ಒಮ್ಮೆ ಕೇಳಬಾರದೇ?