ಅರಿತವಳ ಹಕ್ಕು

ಕಾಯಿದೆಯು ಪುಸ್ತಕದಲ್ಲಿರುವದು ಬೇರೆ, ಬಾಳಿಗೆ ಒದಗುವದು ಬೇರೆ. ಹೊಲದ ಬದುವಿನ ವಿಷಯವಾಗಿಯೋ ಬಾವಿಯ ನೀರಿನ ವಿಷಯವಾಗಿಯೋ ಒಂದು ಕಾಯಿದೆ ಹೊರಟರೆ ಅದರ ಸುದ್ದಿಯು ಸಂತೆಯಿಂದ ಸಂತೆಗೆ ಹಬ್ಬುತ್ತದೆ. ಅಕ್ಷರವರಿಯದ ಒಕ್ಕಲಿಗನೂ ಅದರ ಒಳಹೊರಗನ್ನು ಬಲ್ಲನು. ಆದರೆ ಹೆಣ್ಣಿನ ಒಡಲಿಗೆ ಸಂಬಂಧಿಸಿದ ಕಾಯಿದೆಯು ಹುಟ್ಟಿ ಐವತ್ತು ವರ್ಷ ಮೀರಿದರೂ ಓದುಬಲ್ಲ ಹೆಣ್ಣುಮಗಳ ಕಿವಿಗೆ ಬೀಳದೆ ಹೋಗಬಹುದು. ಅದನ್ನು ಗಟ್ಟಿಯಾಗಿ ಆಡುವದು ಮರ್ಯಾದೆಗೆ ಕುಂದೆಂದು ಹಿರಿಯರೂ ಕಿರಿಯರೂ ಬಗೆದಿರುವದೇ ಇದಕ್ಕೆ ಕಾರಣವು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ವಿಜಯಪುರ ಜಿಲ್ಲೆಯ ಈ ನಾಲ್ಕು ಊರುಗಳಲ್ಲಿಯೂ ಈಗ ಪದವಿ ಕಾಲೇಜುಗಳಿವೆ. ಸುತ್ತಲಿನ ಹಳ್ಳಿಗಳಿಂದ ಬುತ್ತಿ ಕಟ್ಟಿಕೊಂಡು, ಬಸ್ಸು ಹತ್ತಿ, ಹುಡುಗಿಯರು ಕಲಿಯಲು ಬರುತ್ತಾರೆ. 2003ರಲ್ಲಿ ವಿಜಯಪುರದಲ್ಲಿ ಸ್ಥಾಪಿತವಾಗಿ 2017ರಲ್ಲಿ ಅಕ್ಕಮಹಾದೇವಿಯ ಹೆಸರನ್ನು ಪಡೆದ ಮಹಿಳಾ ವಿಶ್ವವಿದ್ಯಾಲಯದ ಬಾಗಿಲೂ ಅವರಿಗೆ ತೆರೆದಿದೆ. ಆದರೆ ಪರೀಕ್ಷೆಯಲ್ಲಿ ಗರ್ಭಾಶಯದ ಚಿತ್ರವನ್ನು ತೆಗೆದು ಗುಣಗಳನ್ನು ಪಡೆಯುವ ವಿದ್ಯಾರ್ಥಿನಿಗೆ, ಆ ಗರ್ಭಾಶಯದ ವಿಷಯದಲ್ಲಿ ಕಾಯಿದೆಯು ತನಗೇನನ್ನು ಕೊಟ್ಟಿದೆಯೆಂಬದು ತಿಳಿಯದಿದ್ದರೆ ಆ ವಿದ್ಯೆಯು ಅರ್ಧವೇ ಸರಿ.

ಈ ತಿಳಿವಳಿಕೆಗಾಗಿಯೇ ನ್ಯಾಯಾಲಯದ ಕಟ್ಟೆ ಹತ್ತಿದ ವಿದ್ಯಾರ್ಥಿಗಳು ಐರ್ಲೆಂಡಿನಲ್ಲಿದ್ದರು. ಆ ದೇಶವು 1983ರಲ್ಲಿ ತನ್ನ ಸಂವಿಧಾನಕ್ಕೆ ಎಂಟನೆಯ ತಿದ್ದುಪಡಿಯನ್ನು ಮಾಡಿ, ಹುಟ್ಟದ ಶಿಶುವಿನ ಜೀವದ ಹಕ್ಕನ್ನು ತಾಯಿಯ ಜೀವದ ಹಕ್ಕಿಗೆ ಸಮನೆಂದು ಸಾರಿತು. ಅಲ್ಲಿಯ ವಿದ್ಯಾರ್ಥಿ ಸಂಘಗಳು ತಮ್ಮ ಕೈಪಿಡಿಗಳಲ್ಲಿ, ಗರ್ಭವನ್ನು ತೆಗೆಸುವ ವ್ಯವಸ್ಥೆಯು ಇಂಗ್ಲಂಡದಲ್ಲಿ ಎಲ್ಲಿ ದೊರೆಯುವದೆಂಬದನ್ನು ಅಚ್ಚುಮಾಡಿಸುತ್ತಿದ್ದವು. ಇಷ್ಟಕ್ಕೇ 1989ರಲ್ಲಿ ಡಬ್ಲಿನ್ನಿನ ವಿದ್ಯಾರ್ಥಿ ಮುಖಂಡರ ಮೇಲೆ ದಾವೆ ಬಿದ್ದಿತು. ಅವರು ಸೆರೆಮನೆಗೆ ಹೋಗುವ ಪ್ರಸಂಗವೂ ಬಂದಿತ್ತು. ಅವರ ಪರವಾಗಿ ವಾದಿಸಿದ ವಕೀಲೆ ಮೇರಿ ರಾಬಿನ್ಸನ್ ಮರುವರ್ಷವೇ ಆ ದೇಶದ ಅಧ್ಯಕ್ಷೆಯಾಗಿ ಚುನಾಯಿತಳಾದಳು. ಕೊನೆಗೆ 1992ರ ಜನಮತದಿಂದ, ಇಂಥ ಮಾಹಿತಿಯನ್ನು ಪಡೆಯುವ ಮತ್ತು ಒದಗಿಸುವ ಸ್ವಾತಂತ್ರ್ಯವು ಅಲ್ಲಿಯ ಸಂವಿಧಾನದಲ್ಲಿ ಸೇರಿತು. ತಿಳಿಸುವ ಹಕ್ಕು ದೊರೆಯಿತು. ಮೂಲ ನಿರ್ಬಂಧವು ಮಾತ್ರ ಹಾಗೆಯೇ ಉಳಿಯಿತು.

ಆ ನಿರ್ಬಂಧಕ್ಕೆ ಬಲಿಯಾದವಳು ಕನ್ನಡನಾಡಿನ ಮಗಳು. ಬೆಳಗಾವಿಯಿಂದ ಹೋಗಿ ಗಾಲ್ವೆ ನಗರದಲ್ಲಿ ನೆಲೆಸಿದ್ದ ದಂತವೈದ್ಯೆ ಸವಿತಾ ಹಾಲಪ್ಪನವರ, ಹದಿನೇಳು ವಾರಗಳ ಬಸುರಿಯಿದ್ದಾಗ 2012ರ ಅಕ್ಟೋಬರದಲ್ಲಿ ಬೇನೆಯಿಂದ ಆಸ್ಪತ್ರೆ ಸೇರಿದಳು. ಗರ್ಭವು ಉಳಿಯಲಾರದೆಂಬದು ನಿಶ್ಚಯವಾಗಿತ್ತು. ಅದನ್ನು ತೆಗೆದುಬಿಡಿರೆಂದು ಆಕೆ ಕೇಳಿಕೊಂಡರೂ, ಭ್ರೂಣದ ಎದೆಬಡಿತವು ನಿಂತಿಲ್ಲವೆಂಬ ಕಾರಣದಿಂದ ಅದು ನಡೆಯಲಿಲ್ಲ. ಅಕ್ಟೋಬರ 28ರಂದು, ರಕ್ತಕ್ಕೆ ನಂಜೇರಿ ಆಕೆ ತೀರಿಕೊಂಡಳು. ಆಗ ಆಕೆಗೆ 31 ವರ್ಷ. ಆಕೆಯ ಭಾವಚಿತ್ರವನ್ನು ಹಿಡಿದು ಸಾವಿರಾರು ಜನ ಡಬ್ಲಿನ್ನಿನ ಬೀದಿಗಿಳಿದರು. 2018ರಲ್ಲಿ ಮತ್ತೊಮ್ಮೆ ಜನಮತವನ್ನು ಕೇಳಿದಾಗ ಮಗಳನ್ನು ನೆನೆದು ಮತ ಹಾಕಿರೆಂದು ಆಕೆಯ ತಂದೆಯು ಬೆಳಗಾವಿಯಿಂದ ಬಿನ್ನವಿಸಿದನು. ಪರದೇಶದಲ್ಲಿದ್ದ ಐರಿಷ್ ತರುಣ ತರುಣಿಯರು ಮತ ನೀಡುವದಕ್ಕೆಂದೇ ಹಡಗು ವಿಮಾನಗಳನ್ನೇರಿ ತಾಯ್ನಾಡಿಗೆ ಮರಳಿದರು. ಮೇ 25ರಂದು ನೂರಕ್ಕೆ 66.4ರಷ್ಟು ಮತಗಳಿಂದ ಆ ಹಳೆಯ ತಿದ್ದುಪಡಿಯು ರದ್ದಾಯಿತು.

ಸವಿತಾ ವೈದ್ಯವಿದ್ಯೆಯನ್ನು ಬಲ್ಲವಳಾಗಿದ್ದಳು. ಬೇಕಾದುದನ್ನು ಬಾಯಿಬಿಟ್ಟು ಕೇಳಿದಳು. ಆದರೆ ಅಲ್ಲಿ ಕಾಯಿದೆ ಇರಲಿಲ್ಲ. ಆಕೆಯ ತವರುನಾಡಿನಲ್ಲಿ ಕಾಯಿದೆ 1971ರಿಂದಲೂ ಇದೆ. ಕೇಳಬಹುದೆಂಬದನ್ನು ತಿಳಿದವರು ಕಡಿಮೆ.

ಈ ನಾಡಿನ ಹಿರಿಯರು ಈ ವಿಷಯದಲ್ಲಿ ಬಾಯಿ ಕಟ್ಟಿಕೊಂಡೇ ಇದ್ದರೆಂದು ತಿಳಿಯಬೇಕಾಗಿಲ್ಲ. ವಿಜಯಪುರವು ಮುಂಬಯಿ ಇಲಾಖೆಗೆ ಸೇರಿದ್ದ ಕಾಲದಲ್ಲಿ, ಮುಂಬಯಿಯ ಗಣಿತದ ಪ್ರಾಧ್ಯಾಪಕ ರಘುನಾಥ ಧೋಂಡೋ ಕರ್ವೆಯವರು 1921ರಲ್ಲಿಯೇ ಸಂತತಿನಿಯಮನದ ದವಾಖಾನೆಯನ್ನು ತೆರೆದು, ಈ ವಿಚಾರಗಳಿಗಾಗಿ ಕಾಲೇಜಿನ ಕೆಲಸವನ್ನು ಕಳೆದುಕೊಂಡರು. 1916ರಲ್ಲಿ ಮಹಿಳಾ ವಿದ್ಯಾಪೀಠವನ್ನು ಕಟ್ಟಿದ ಧೋಂಡೋ ಕೇಶವ ಕರ್ವೆಯವರ ಮಗನಿವನು. ಮೈಸೂರು ಸಂಸ್ಥಾನದ ಸರಕಾರವು 1930ರಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿಯೇ ಇಂಥ ದವಾಖಾನೆಗಳನ್ನು ತೆರೆಯಿತು.

ಹಾಗಾದರೆ ಈಗಿನ ಕಾಯಿದೆಯು ಏನನ್ನುತ್ತದೆ? 2021ರ ತಿದ್ದುಪಡಿಯ ಮೇರೆಗೆ ಇಪ್ಪತ್ತು ವಾರಗಳವರೆಗಿನ ಗರ್ಭವನ್ನು ಒಬ್ಬ ಅರ್ಹ ವೈದ್ಯರ ಅಭಿಪ್ರಾಯದಿಂದಲೂ, ಕೆಲವು ಗೊತ್ತಾದ ವರ್ಗದ ಸ್ತ್ರೀಯರ ವಿಷಯದಲ್ಲಿ ಇಪ್ಪತ್ನಾಲ್ಕು ವಾರಗಳವರೆಗೆ ಇಬ್ಬರ ಅಭಿಪ್ರಾಯದಿಂದಲೂ ತೆಗೆಯಬಹುದು. ತಾಯಿಯ ಪ್ರಾಣವನ್ನುಳಿಸಲು ತತ್‌ಕ್ಷಣವೇ ಅವಶ್ಯವಾದರೆ ವಾರಗಳ ಮಿತಿಯು ಅಡ್ಡಬರುವದಿಲ್ಲ. ಹದಿನೆಂಟು ತುಂಬಿದವಳಿಗೆ ಅವಳ ಒಪ್ಪಿಗೆಯೇ ಸಾಕು. ಗಂಡನ ಇಲ್ಲವೆ ತಂದೆಯ ಸಹಿಯನ್ನು ಕಾಯಿದೆಯು ಬೇಡುವದಿಲ್ಲ. ಹದಿನೆಂಟರೊಳಗಿನವಳಿಗೆ ಪಾಲಕರ ಲಿಖಿತ ಒಪ್ಪಿಗೆ ಬೇಕು. ಅವಳ ಹೆಸರನ್ನು ಬಯಲುಮಾಡಿದ ವೈದ್ಯರಿಗೆ ಒಂದು ವರ್ಷದವರೆಗೆ ಸೆರೆಯುಂಟು. ಮದುವೆಯಾದವಳು, ಆಗದವಳು ಎಂಬ ಭೇದವು ಇದರಲ್ಲಿ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2022ರ ಸಪ್ಟಂಬರ 29ರಂದು ತೀರ್ಪಿತ್ತಿತು.

ಇದೇನು ಅಂಕೆಯಿಲ್ಲದ ಹಕ್ಕಲ್ಲ. ಕೊನೆಯ ಮಾತು ಇನ್ನೂ ವೈದ್ಯರದೇ ಆಗಿದೆ. ಹೆಣ್ಣು ಶಿಶುವೆಂದು ತಿಳಿದು ಗರ್ಭವನ್ನು ತೆಗೆಸುವದು ಬೇರೆಯ ಮಾತು; ಭ್ರೂಣದ ಲಿಂಗವನ್ನು ಪರೀಕ್ಷಿಸಿ ಹೇಳುವದನ್ನು 1994ರ ಕಾಯಿದೆಯು ಅಪರಾಧವೆಂದು ನಿಷೇಧಿಸಿದೆ. ಬೇಡದ ಗರ್ಭವನ್ನು ಹೊರಲಾರೆನೆಂಬವಳ ಮಾತೂ, ಹೆಣ್ಣಾದರೂ ಹೆರುವೆನೆಂಬ ಸೊಸೆಯ ಮಾತೂ ಒಂದೇ ಹಕ್ಕಿನ ಎರಡು ಮುಖಗಳು. ತನ್ನ ಒಡಲ ಮೇಲಿನ ನಿರ್ಧಾರವನ್ನು ಇತರರು ಮಾಡದಿರಲೆಂಬದೇ ಎರಡರ ತಿರುಳು.

ಇಂಥ ಸಂಗತಿಗಳನ್ನು ಕಾಲೇಜಿನಲ್ಲಿ ತಿಳಿಸಿದರೆ ಹುಡುಗಿಯರು ಕೆಡುವರೆಂದು ಅಂಜುವ ತಾಯಿತಂದೆಗಳಿದ್ದಾರೆ. ಅವರ ಅಂಜಿಕೆಯು ಪ್ರೀತಿಯಿಂದಲೇ ಹುಟ್ಟಿದ್ದು. ಆದರೆ ಸಂಕಟವು ಬಂದಾಗ ಅರಿತ ಹುಡುಗಿಯು ತಾಲೂಕಾ ಆಸ್ಪತ್ರೆಯ ವೈದ್ಯರ ಬಳಿಗೆ ಹೋಗುವಳು. ಅರಿಯದವಳು ಗುಟ್ಟಾಗಿ ಯಾರೋ ತಂದುಕೊಟ್ಟ ಮಾತ್ರೆಯನ್ನು ನುಂಗುವಳು, ಇಲ್ಲವೆ ಪದವಿಯಿಲ್ಲದ ವೈದ್ಯನ ಕೈಗೆ ತನ್ನ ಜೀವವನ್ನೊಪ್ಪಿಸುವಳು. ಇವೆರಡರಲ್ಲಿ ಯಾವುದು ಲೇಸೆಂದು ಆ ತಾಯಿತಂದೆಗಳೇ ಹೇಳಲಿ.

ವಿದ್ಯಾರ್ಥಿನಿಯರು ಒಗ್ಗೂಡಿ ಕೇಳಿದರೆ ನಿಯಮಗಳು ಬದಲಾಗುತ್ತವೆ. 2023ರ ಜನೇವರಿಯಲ್ಲಿ ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯವು ವಿದ್ಯಾರ್ಥಿ ಸಂಘದ ಬೇಡಿಕೆಯ ಮೇರೆಗೆ, ತಿಂಗಳ ಮುಟ್ಟಿನ ಸಲುವಾಗಿ ವಿದ್ಯಾರ್ಥಿನಿಯರಿಗೆ ಹಾಜರಿಯಲ್ಲಿ ನೂರಕ್ಕೆ ಎರಡರಷ್ಟು ವಿನಾಯಿತಿಯನ್ನು ಕೊಟ್ಟಿತು. ಅನಂತರ ಕೇರಳ ಸರಕಾರವು ಅದನ್ನು ಇತರ ವಿಶ್ವವಿದ್ಯಾಲಯಗಳಿಗೂ ವಿಸ್ತರಿಸಿತು.

ಈ ನಾಲ್ಕು ಊರುಗಳ ಕಾಲೇಜುಗಳಲ್ಲಿ ಕೇಳತಕ್ಕದ್ದು ಇದಕ್ಕಿಂತಲೂ ಸಣ್ಣದು. ವರ್ಷಕ್ಕೊಮ್ಮೆ ತಾಲೂಕಾ ಆಸ್ಪತ್ರೆಯ ವೈದ್ಯೆಯೊಬ್ಬಳು ಬಂದು ಒಂದು ತಾಸು ಮಾತನಾಡಲಿ; ಕಾಯಿದೆಯ ಸಾರವನ್ನು ತಿಳಿಗನ್ನಡದಲ್ಲಿ ಬರೆದು ವಿದ್ಯಾರ್ಥಿನಿಯರ ವಿಶ್ರಾಂತಿಯ ಕೋಣೆಯಲ್ಲಿ ತೂಗಹಾಕಲಿ. ಡಬ್ಲಿನ್ನಿನ ವಿದ್ಯಾರ್ಥಿಗಳಿಗೆ ಅಷ್ಟನ್ನು ಅಚ್ಚುಮಾಡಿದ್ದೇ ತಪ್ಪಾಗಿತ್ತು. ಇಲ್ಲಿ ಅದನ್ನು ತಡೆಯುವ ಕಾಯಿದೆ ಯಾವುದೂ ಇಲ್ಲ, ತಡೆದಿರುವದು ಸಂಕೋಚವೊಂದೇ.