ಎತ್ತಿ ಹಾಕಿದ ಹಿಮ

ಹಿಮ ತಾನಾಗಿ ಕರಗುವವರೆಗೆ ಎಲ್ಲಿಗೂ ಹೋಗುವುದಿಲ್ಲ. ಸಲಿಕೆಯಲ್ಲಿ ಎತ್ತಿದ್ದು ಪಕ್ಕದಲ್ಲೇ ಎಲ್ಲೋ ಬೀಳಬೇಕು. ಮ್ಯಾಸಚೂಸೆಟ್ಸ್‌ನ ಶ್ರೂಸ್‌ಬರಿಯಲ್ಲಿ ಮನೆ ಕೊಂಡು ಕೆಲವು ಚಳಿಗಾಲ ಕಳೆದಿದ್ದರೂ ಈ ಸರಳ ಸಂಗತಿಯನ್ನು ನಾನು ಯೋಚಿಸಿರಲಿಲ್ಲ. ನನ್ನ ಕಣ್ಣೆಲ್ಲ ತೆರವಾಗುತ್ತಿದ್ದ ಜಾಗದ ಮೇಲಿರುತ್ತಿತ್ತು. ಏನನ್ನು ಮುಚ್ಚುತ್ತಿದ್ದೇನೆ ಎಂದು ನೋಡುತ್ತಿರಲಿಲ್ಲ. 2015ರ ಜನವರಿ ಕೊನೆಯ ಬಿರುಗಾಳಿಯಲ್ಲಿ ಅದರಿಂದಾಗಿ ನನ್ನ ಅಮ್ಮ, ಹೆಂಡತಿ, ಹುಟ್ಟಿ ತಿಂಗಳು ತುಂಬದ ಮಗಳು ಮೂವರೂ ಸಾವಿನ ಹತ್ತಿರ ಹೋಗಿ ಬಂದರು.

ಅಟ್ಲಾಂಟಿಕ್ ಕರಾವಳಿಗುಂಟ ಮೇಲೇರುತ್ತ, ಈಶಾನ್ಯದ ಗಾಳಿಯ ಜೊತೆ ಸಮುದ್ರದ ತೇವವನ್ನೆಲ್ಲ ನೆಲದ ಮೇಲೆ ಸುರಿಯುವ ಈ ಬಿರುಗಾಳಿಗಳನ್ನು ಇಲ್ಲಿ ನಾರ್‌ಈಸ್ಟರ್ ಅನ್ನುತ್ತಾರೆ. ಆ ವಾರ ಹೆದರಿಕೆ ಹೆಚ್ಚಿದ್ದದ್ದು ನ್ಯೂಯಾರ್ಕ್ ಬಗ್ಗೆ. ಆದರೆ ಅಲ್ಲಿನ ಸೆಂಟ್ರಲ್ ಪಾರ್ಕ್‌ನಲ್ಲಿ 10 ಇಂಚೂ ಬೀಳಲಿಲ್ಲ. ನಮ್ಮ ಪಕ್ಕದ ವೂಸ್ಟರ್‌ನಲ್ಲಿ 34.5 ಇಂಚು ಬಿತ್ತು. ಆ ಊರಿನ ದಾಖಲೆಯಲ್ಲಿ ಅದಕ್ಕೂ ಮೊದಲು ಒಂದೇ ಬಿರುಗಾಳಿಗೆ ಅಷ್ಟು ಬಿದ್ದದ್ದಿಲ್ಲ. ಗವರ್ನರ್ ಚಾರ್ಲಿ ಬೇಕರ್ 26ರ ಮಧ್ಯರಾತ್ರಿಯಿಂದ ರಾಜ್ಯದಲ್ಲೆಲ್ಲ ವಾಹನ ಸಂಚಾರ ನಿಲ್ಲಿಸಿದರು. ಹಾಲು, ಔಷಧಿ, ಡಯಾಪರ್, ಟಾರ್ಚ್ ಎಲ್ಲ ತಂದಿಟ್ಟು, ಮನೆ ಭದ್ರವಾಗಿದೆ ಎಂದು ನಾನು ಮಲಗಿದೆ.

ನನ್ನ ದೇಹದ ಬಗ್ಗೆಯೂ ಎಚ್ಚರ ವಹಿಸಿದ್ದೆ. ಅಪ್ಪ ಐವತ್ತು ದಾಟುವ ಮೊದಲೇ ಹೃದಯಾಘಾತದಿಂದ ಹೋದವರು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಸುಮಾರು ಐದಾರು ವರ್ಷ ಮುಂಚೆಯೇ ಆಗುತ್ತದೆ ಎಂದು 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ ತೋರಿಸಿದ್ದು ನನಗೆ ಗೊತ್ತಿತ್ತು. ಚಳಿಗೆ ರಕ್ತನಾಳ ಕುಗ್ಗುತ್ತದೆ, ಭಾರ ಎತ್ತುವಾಗ ನಾವು ಅರಿಯದೆ ಉಸಿರು ಬಿಗಿ ಹಿಡಿಯುತ್ತೇವೆ, ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ವರ್ಷವಿಡೀ ಕುರ್ಚಿಯಲ್ಲಿ ಕೂತವನ ಹೃದಯಕ್ಕೆ ಅದು ದೊಡ್ಡ ಪೆಟ್ಟು. ಒಂದೇ ದಿನ 20 ಸೆಂಟಿಮೀಟರ್ ಹಿಮ ಬಿದ್ದರೆ ಮರುದಿನ ಗಂಡಸರು ಹೃದಯಾಘಾತದಿಂದ ಸಾಯುವ ಸಂಭವ ಮೂರನೇ ಒಂದರಷ್ಟು ಹೆಚ್ಚುತ್ತದೆ ಎಂದು ಕೆನಡಾದ ಕ್ವಿಬೆಕ್‌ನ ಸಂಶೋಧಕರು 2017ರಲ್ಲಿ ಬರೆದರು. ಅದನ್ನು ಓದುವ ಮೊದಲೇ ನಾನು ಕ್ರಮ ಕಲಿತಿದ್ದೆ: ಬಿರುಗಾಳಿ ಮುಗಿಯಲಿ ಎಂದು ಕಾಯದೆ ನಾಲ್ಕಾರು ಇಂಚು ಬಿದ್ದ ಹಾಗೆಲ್ಲ ಹೋಗಿ ತೆಗೆಯುವುದು, ಸಾಧ್ಯವಾದಷ್ಟೂ ಎತ್ತದೆ ತಳ್ಳುವುದು, ಎತ್ತಲೇಬೇಕಾದರೆ ಮಂಡಿ ಬಗ್ಗಿಸುವುದು, ಎದೆಯಲ್ಲಿ ಸ್ವಲ್ಪ ಬಿಗಿತ ಬಂದರೂ ಒಳಗೆ ಬರುವುದು. ಇವೆಲ್ಲ ಸರಿಯಾದ ಮಾತೇ, ಈಗಲೂ ಹಾಗೇ ಮಾಡುತ್ತೇನೆ.

ನಮ್ಮ ಡ್ರೈವ್‌ವೇ ಸುಮಾರು 60 ಚದರ ಮೀಟರ್. ಹೊಸದಾಗಿ ಬಿದ್ದ ಒಣ ಹಿಮ ಘನ ಮೀಟರಿಗೆ 100 ಕೆಜಿ ಎಂದು ಹಿಡಿದರೂ ಆ ದಿನ ಅಲ್ಲಿ ಬಿದ್ದದ್ದು ಹತ್ತಿರ ಹತ್ತಿರ 5 ಟನ್. ಇದರ ಮೇಲೆ ರಸ್ತೆ ಗೋರುವ ಪ್ಲೋ ಪ್ರತಿ ಸಲ ಬಂದಾಗಲೂ ಡ್ರೈವ್‌ವೇಯ ಬಾಯಿಗೆ ಗಟ್ಟಿ ಗಟ್ಟಿ ಮುದ್ದೆಗಳ ದಿಬ್ಬ ಕಟ್ಟಿ ಹೋಗುತ್ತದೆ. ಅದರ ತೂಕ ಬೇರೆ. ಮೊದಮೊದಲು ಎಸೆಯುವುದು ಸುಲಭ. ಎರಡೂ ಬದಿಯ ರಾಶಿ ಎದೆಮಟ್ಟ ಬಂದ ಮೇಲೆ ಅಷ್ಟೆತ್ತರ ಎಸೆಯಲು ತೋಳು ಒಪ್ಪುವುದಿಲ್ಲ. ಆಗ ಹತ್ತಿರದಲ್ಲಿ ತಗ್ಗು ಎಲ್ಲಿದೆಯೋ ಅಲ್ಲಿಗೆ ಹಾಕತೊಡಗಿದೆ. ಮೇಲಿನರ್ಧದ ಹಿಮ ಗ್ಯಾರೇಜ್ ಪಕ್ಕದ ಗೋಡೆಯ ಬುಡಕ್ಕೆ ಹೋಯಿತು. ಕೆಳಗಿನರ್ಧದ್ದು ರಸ್ತೆ ಅಂಚಿನ ಮೂಲೆಗೆ. ಗೋಡೆಯ ಬದಿಗೆ ಗಾಳಿಯೂ ತನ್ನ ಪಾಲಿನದನ್ನು ತಂದು ಒಟ್ಟುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕಪ್ಪು ಡಾಂಬರು ಕಾಣಿಸಿತು. ಬೀದಿಯಲ್ಲಿ ಮೊದಲು ಬಿಡಿಸಿದ್ದು ನಮ್ಮದೇ ಡ್ರೈವ್‌ವೇ ಎಂದು ಹಿಗ್ಗಿದೆ.

ಅಮ್ಮ ಬಾಣಂತನಕ್ಕೆಂದು ತೀರ್ಥಹಳ್ಳಿ ಕಡೆಯಿಂದ ಬಂದಿದ್ದರು. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿದ ಮೇಲೆ, ಊರಿನಿಂದ ತಂದ ಕಪ್ ಸಾಂಬ್ರಾಣಿಯ ಹೊಗೆಯನ್ನು ಒಂದಿಷ್ಟು ಕೂದಲಿಗೆ ಹಿಡಿಯುತ್ತಿದ್ದರು. ಅದಕ್ಕೆ ಹಿಂದೆ ಒಮ್ಮೆ ಸ್ಮೋಕ್ ಅಲಾರಂ ಕೂಗಿತ್ತು. ಒಗ್ಗರಣೆಗೂ ಅದು ಕೂಗುವುದುಂಟು. ಆ ಮಧ್ಯಾಹ್ನ ಮಲಗುವ ಕೋಣೆಯ ಹೊರಗಿನ ಅಲಾರಂ ಹೊಡೆದುಕೊಂಡಾಗ ನಾನು ಇನ್ನೇನನ್ನೂ ಯೋಚಿಸಲಿಲ್ಲ. “ಬಾಗಿಲು ಕಿಟಕಿ ಮುಚ್ಚಿರುವಾಗ ಆ ಹೊಗೆ ಹಾಕ್ಬೇಡಿ ಅಂತ ಎಷ್ಟು ಸಲ ಹೇಳೋದಮ್ಮ?” ಎಂದು ಗದರಿ, ಸ್ಟೂಲ್ ಹತ್ತಿ ಅದನ್ನು ಕಿತ್ತು ಬ್ಯಾಟರಿ ತೆಗೆದುಬಿಟ್ಟೆ.

“ಸಾಂಬ್ರಾಣಿ ಹಾಕಿದ್ದು ಬೆಳಿಗ್ಗೆ ಅಲ್ವನಾ? ಆರಿ ಎಷ್ಟ್ ಹೊತ್ತಾಯ್ತು” ಎಂದರು ಅಮ್ಮ. ನಾನು ಉತ್ತರ ಕೊಡಲಿಲ್ಲ.

ಬೆಳಗಿನಿಂದ ಅವರಿಗೆ ತಲೆನೋವಿತ್ತು. ಹೆಂಡತಿಗೆ ವಾಕರಿಕೆ. ಒಬ್ಬರಿಗೆ ಚಳಿ ಒಗ್ಗಿಲ್ಲ, ಇನ್ನೊಬ್ಬರಿಗೆ ನಿದ್ದೆಯಿಲ್ಲ ಎಂದು ನಾವು ಕಾರಣ ಹೊಂದಿಸಿಕೊಂಡಿದ್ದೆವು. ಹೊರಗೆ ಗಾಳಿಯಲ್ಲಿ ದುಡಿಯುತ್ತಿದ್ದ ನನಗೊಬ್ಬನಿಗೆ ಏನೂ ಆಗಿರಲಿಲ್ಲ, ಅದೇ ದೊಡ್ಡ ಸುಳಿವಾಗಬೇಕಿತ್ತು. ಸ್ವಲ್ಪ ಹೊತ್ತಿಗೆ ನೆಲಮಾಳಿಗೆಯ ಅಲಾರಂ ಕೂಗಿತು. ಅಲ್ಲಿಗೆ ಯಾವ ಹೊಗೆಯೂ ಹೋಗುವಂತಿರಲಿಲ್ಲ. ನಾಲ್ಕು ಬೀಪ್, ಒಂದು ಬಿಡುವು, ಮತ್ತೆ ನಾಲ್ಕು. ಹೆಂಡತಿ ಅದನ್ನು ಎಣಿಸಿ, ಮಗುವನ್ನು ಎತ್ತಿಕೊಂಡೇ 911ಕ್ಕೆ ಫೋನ್ ಮಾಡಿದಳು. ಬೆಂಕಿಯ ಹೊಗೆಗೆ ಮೂರು ಬೀಪ್, ಕಾರ್ಬನ್ ಮೊನಾಕ್ಸೈಡ್‌ಗೆ ನಾಲ್ಕು. ನಾನು ಬ್ಯಾಟರಿ ಕಿತ್ತ ಅಲಾರಂ ಕೂಡ ನಾಲ್ಕೇ ಹೊಡೆದಿತ್ತು. ಅದನ್ನು ಕೇಳಿಸಿಕೊಳ್ಳುವ ವ್ಯವಧಾನ ನನಗೆ ಇರಲಿಲ್ಲ.

ಕೂಡಲೇ ಎಲ್ಲರೂ ಮನೆಯಿಂದ ಹೊರಗೆ ಬನ್ನಿ ಎಂದರು ಫೋನಿನಲ್ಲಿದ್ದವರು. ಮುಂಬಾಗಿಲಿನ ಮೆಟ್ಟಿಲು ಹೂತಿತ್ತು. ನಾನು ದಾರಿ ಮಾಡಿದ್ದು ಕಾರಿಗೆ. ಗ್ಯಾರೇಜಿನಿಂದ ಹೊರಬಂದು, ಎದುರು ಮನೆಯ ಅಜ್ಜಿಯ ಅಂಗಳದಲ್ಲಿ ಸೊಂಟದ ತನಕ ಹಿಮ ತುಳಿದು ಅವರ ಬಾಗಿಲು ತಟ್ಟಿದೆವು. ಮಗು ಅಮ್ಮನ ಶಾಲಿನೊಳಗಿತ್ತು. ಒಬ್ಬರೇ ಇರುವ ಆ ಎಂಬತ್ತರ ಹೆಂಗಸಿನ ಬಾಗಿಲಿಗೆ ನಾನು ಒಂದು ಸಲಿಕೆಯಗಲದ ಕಾಲುದಾರಿಯನ್ನೂ ಮಾಡಿರಲಿಲ್ಲ. ಅವರು ಏನನ್ನೂ ಕೇಳದೆ ಒಳಗೆ ಕರೆದುಕೊಂಡರು.

ಪ್ಲೋದ ಹಿಂದೆ ಫೈರ್ ಎಂಜಿನ್ ಬಂತು. ಸಿಬ್ಬಂದಿ ಮೀಟರ್ ಹಿಡಿದು ಒಳಗೆ ಹೋಗಿ, ಕಿಟಕಿಗಳನ್ನೆಲ್ಲ ತೆರೆದು, ಹೊರಬಂದು ನೇರ ಗ್ಯಾರೇಜ್ ಪಕ್ಕದ ಗೋಡೆಗೆ ನಡೆದರು. ಅಲ್ಲಿ 8 ಅಡಿ ಎತ್ತರದಲ್ಲಿ ಒಂದು ಪುಟ್ಟ ಫಲಕವಿದೆ. ಇದರ ನೇರ ಕೆಳಗೆ ಗ್ಯಾಸ್ ವೆಂಟ್ ಇದೆ, ಅಡ್ಡಿಯಿಲ್ಲದಂತೆ ಇಡಿ ಎಂದು ಬರೆದಿದೆ. ಅವರು ಆ ಗೆರೆ ಹಿಡಿದು ಕೆಳಕ್ಕೆ ತೋಡಿದರು. ನಾನು ಬೆಳಗಿನಿಂದ ಒಟ್ಟಿದ ಹಿಮದ ತಳದಲ್ಲಿ, ಮನೆ ಬೆಚ್ಚಗಿಡುವ ಫರ್ನೇಸಿನ ಎರಡು ಬಿಳಿ ಕೊಳವೆಗಳಿದ್ದವು. ಹೊಗೆ ಬಿಡುವುದೂ ಗಾಳಿ ಎಳೆಯುವುದೂ ಒಟ್ಟಿಗೇ ಹೂತುಹೋದರೆ ಫರ್ನೇಸ್ ತಾನು ಬಿಟ್ಟ ಹೊಗೆಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಆಮ್ಲಜನಕ ಸಾಲದೆ ಉರಿ ಅರೆಬರೆಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅಷ್ಟರಲ್ಲಿ ತಾನೇ ಆರಿಹೋಗಲು ಅದರಲ್ಲಿ ಸ್ವಿಚ್ ಇರುತ್ತದೆ. ನಮ್ಮದರಲ್ಲಿ ಅದು ಕೆಲಸ ಮಾಡಲಿಲ್ಲ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಕೂಸುಗಳೂ ಮುದುಕರೂ ಮೊದಲು ಬೀಳುತ್ತಾರೆ.

ಆ ಫಲಕ, ಪ್ರತಿ ಅಂತಸ್ತಿನ ಅಲಾರಂ ಎಲ್ಲ ಒಂದು ಮಗುವಿನ ಸಾವಿನಿಂದ ಬಂದವು. 2005ರ ಜನವರಿಯಲ್ಲಿ ಇದೇ ರಾಜ್ಯದ ಪ್ಲಿಮತ್‌ನಲ್ಲಿ ಬಿರುಗಾಳಿಯ ಹಿಮ ವೆಂಟ್ ಮುಚ್ಚಿ 7 ವರ್ಷದ ನಿಕೋಲ್ ತನ್ನ ಮನೆಯಲ್ಲಿ ತುಂಬಿದ ಈ ಅನಿಲದಿಂದ ತೀರಿಕೊಂಡಳು. ಅದೇ ವರ್ಷ ಅವಳ ಹೆಸರಿನ ಕಾನೂನು ಬಂತು, 2006ರಿಂದ ಮನೆಗಳಲ್ಲಿ ಈ ಅಲಾರಂ ಕಡ್ಡಾಯವಾಯಿತು. ಎಷ್ಟೇ ಹಿಮ ಬಿದ್ದರೂ ಕಾಣಲಿ ಎಂದೇ ಫಲಕವನ್ನು ಅಷ್ಟು ಎತ್ತರಕ್ಕೆ ಹೊಡೆದಿರುತ್ತಾರೆ. ನಾನು ಅದರ ಕೆಳಗೇ ನಿಂತು ಹಿಮ ಸುರಿದಿದ್ದೆ. ಕಾರಿನಲ್ಲೂ ಇದೇ ಅಪಾಯ. 2016ರಲ್ಲಿ ನ್ಯೂಜೆರ್ಸಿಯ ಪಸೈಕ್‌ನಲ್ಲಿ ಬೆಚ್ಚಗಿರಲಿ ಎಂದು ಎಂಜಿನ್ ಹಾಕಿ ಕಾರಿನಲ್ಲಿ ಕೂರಿಸಿದ್ದ ತಾಯಿಯೂ ಒಂದು ವರ್ಷದ ಮಗುವೂ, ಅಪ್ಪ ಸುತ್ತಲಿನ ಹಿಮ ತೆಗೆಯುತ್ತಿದ್ದಾಗಲೇ ಸತ್ತರು. ಹೊಗೆನಳಿಗೆ ಹಿಮದಲ್ಲಿ ಮುಚ್ಚಿತ್ತು. ಆ ಸುದ್ದಿ ಓದಿದ ದಿನ ನನಗೆ ಕೆಲಸ ಮಾಡಲಾಗಲಿಲ್ಲ.

ಹೊರಡುವ ಮುಂಚೆ ಸಿಬ್ಬಂದಿಯೊಬ್ಬರು ಈ ಬೀದಿಯ ಹೈಡ್ರಂಟ್ ಎಲ್ಲಿ ಎಂದು ಕೇಳಿದರು. ಅದು ನಮ್ಮ ಮೂಲೆಯಲ್ಲೇ ಇತ್ತು, ನನ್ನ ಎರಡನೇ ರಾಶಿಯ ಅಡಿಯಲ್ಲಿ. ಅಂದು ಯಾರ ಮನೆಗಾದರೂ ಬೆಂಕಿ ಬಿದ್ದಿದ್ದರೆ ನೀರಿಗಾಗಿ ಅವರು ನಾನು ಎತ್ತಿ ಹಾಕಿದ ಹಿಮವನ್ನು ಅಗೆಯಬೇಕಿತ್ತು. ಅವರು ಬೈಯಲಿಲ್ಲ. ಸುತ್ತ 3 ಅಡಿ ಬಿಡಿಸಿಡಿ ಎಂದಷ್ಟೇ ಹೇಳಿದರು.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು ಮೂವರನ್ನೂ ಮರುದಿನ ಮನೆಗೆ ಕಳಿಸಿದರು. ಮಗಳ ರಕ್ತದ ವರದಿ ಬರುವವರೆಗಿನ ಹೊತ್ತನ್ನು ಬರೆಯಲು ನನ್ನಿಂದಾಗದು. ಅಮ್ಮನಲ್ಲಿ ಕ್ಷಮೆ ಕೇಳಿದೆ. ಅವರು ನನ್ನ ಗದರಿಕೆಯ ಮಾತೆತ್ತದೆ, ಬೇರೆಯದನ್ನೇ ಹೇಳಿದರು: “ತೋಟದಲ್ಲಿ ಕಾಲುವೆ ತೆಗೆಯೋರು ಮೊದಲು ಮಣ್ಣು ಎಲ್ಲಿ ಹಾಕೋದು ಅಂತ ನೋಡ್ತಾರೆ. ಇಲ್ದಿದ್ರೆ ಮಳೆ ಬಂದಾಗ ಅದೇ ಮಣ್ಣು ವಾಪಸ್ ಕಾಲುವೆಗೇ ಬರ್ತದೆ, ಮಾರಾಯ.” ಆದರೆ ಊರಿಗೆ ಹೊರಡುವವರೆಗೂ ಅವರು ಮತ್ತೆ ಸಾಂಬ್ರಾಣಿ ಹಾಕಲಿಲ್ಲ. ನಾನು ಎಷ್ಟು ಹೇಳಿದರೂ ಹಾಕಲಿಲ್ಲ.

ಆ ಚಳಿಗಾಲ ಅಲ್ಲಿಗೇ ಮುಗಿಯಲಿಲ್ಲ. ಫೆಬ್ರವರಿಯಲ್ಲಿ ಬಿರುಗಾಳಿಯ ಮೇಲೆ ಬಿರುಗಾಳಿ ಬಂದು ಬಾಸ್ಟನ್‌ನಲ್ಲಿ ಇಡೀ ಚಳಿಗಾಲಕ್ಕೆ ಒಟ್ಟು 110.6 ಇಂಚಿನ ದಾಖಲೆಯಾಯಿತು. ಲಾರಿಗಳಲ್ಲಿ ಹೊತ್ತು ಬಂದರಿನ ಬಳಿ ಸುರಿದ ಹಿಮದ ಗುಡ್ಡ ಕರಗಿ ಮುಗಿದದ್ದು ಜುಲೈ 14ಕ್ಕೆ. ಆ ಫೆಬ್ರವರಿಯಿಂದ ನನ್ನ ಸಲಿಕೆ ಮೊದಲು ಹೋಗುವುದು ವೆಂಟ್‌ಗೆ, ಆಮೇಲೆ ಮುಂಬಾಗಿಲಿಗೆ, ಹೈಡ್ರಂಟ್‌ಗೆ, ಎದುರು ಮನೆಯ ಅಜ್ಜಿಯ ಮೆಟ್ಟಿಲಿಗೆ. ಕಾರಿನ ಸರದಿ ಕೊನೆಗೆ. ನೆಲ ಹೆಪ್ಪುಗಟ್ಟುವ ಮೊದಲೇ ಹಿಮ ಹಾಕಬಹುದಾದ ಜಾಗದ ಸುತ್ತ ಎತ್ತರದ ಕೋಲು ನೆಡುತ್ತೇನೆ.

ಇತ್ತೀಚೆಗೆ ವೆಸ್ಟ್‌ಬರೋದಲ್ಲಿ ಮನೆ ಕೊಂಡ ಕನ್ನಡದ ದಂಪತಿ ಗೃಹಪ್ರವೇಶಕ್ಕೆ ಕರೆದಿದ್ದರು. ಊಟವಾದ ಮೇಲೆ ವೆಂಟ್ ಎಲ್ಲಿದೆ ಎಂದು ಕೇಳಿದೆ. ಇಬ್ಬರಿಗೂ ಗೊತ್ತಿರಲಿಲ್ಲ. ಟಾರ್ಚ್ ಹಿಡಿದು ಮನೆಯ ಸುತ್ತ ಹೋದೆವು. ಹಿಂಬದಿಯ ಡೆಕ್ ಪಕ್ಕದಲ್ಲಿ, ನೆಲದಿಂದ ಮೊಣಕಾಲೆತ್ತರದಲ್ಲಿತ್ತು. ಡೆಕ್ ಮೇಲಿನ ಹಿಮವನ್ನು ತಳ್ಳಿದರೆ ಬೀಳುವುದು ಸರಿಯಾಗಿ ಅದರ ಮೇಲೆಯೇ. ಅವರ ಮನೆಯಲ್ಲೂ ಜನವರಿಗೆ ಬಾಣಂತನ, ಹುಡುಗಿಯ ತಾಯಿ ದಾವಣಗೆರೆಯಿಂದ ಬರುವವರಿದ್ದರು. ಡೆಕ್ಕಿನ ಹಿಮವನ್ನು ಇನ್ನೊಂದು ಬದಿಗೆ ತಳ್ಳುವುದೆಂದು ಅಲ್ಲೇ ನಿಂತು ಮಾತಾಡಿಕೊಂಡೆವು.