ಹೆಚ್ಚಾದ ಅಕ್ಕಿ ಮತ್ತು ಹೆಸರುಗಳ ಪಟ್ಟಿ

ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ಶರಣದಂಪತಿಗಳ ಕಥೆಯನ್ನು ಕೇಳದ ಶರಣ ಕುಟುಂಬ ವಿರಳ. ಕಲ್ಯಾಣದಲ್ಲಿ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಕಳುಹಿಸಿದಳು. ಪ್ರವಚನಗಳಲ್ಲಿ ಈ ಪ್ರಸಂಗವನ್ನು ನಿರ್ಲೋಭಕ್ಕೆ ನಿದರ್ಶನವಾಗಿ ಹೇಳುವುದು ರೂಢಿ. ಬೇಡದ ಸಂಗ್ರಹವು ಕಾಯಕಜೀವಿಯ ನೆಮ್ಮದಿಯನ್ನೇ ಕೆಡಿಸುತ್ತದೆಂಬ ಅರಿವೂ ಆ ತಾಯಿಗೆ ಇದ್ದಿರಬೇಕೆಂದು ನನಗೆ ಇತ್ತೀಚೆಗೆ ತೋರಿದೆ. ಹಾಗೆ ತೋರಲು ಕಾರಣವಾದದ್ದು ನಮ್ಮ ಮನೆಯ ಹೆಣ್ಣುಮಗಳೊಬ್ಬಳ ವ್ಯಾಪಾರ.

ನನ್ನ ತಮ್ಮನ ಮಗಳು ಹಲವು ವರ್ಷಗಳಿಂದ ಇಳಕಲ್ ಸೀರೆಗಳನ್ನು ಮಾರುತ್ತಾಳೆ. ಮನೆಯ ಒಂದು ಕೋಣೆಯೇ ಅವಳ ಅಂಗಡಿ. ಬೆಂಗಳೂರು, ಪುಣೆ, ಅಮೆರಿಕಗಳಲ್ಲಿ ನೆಲೆಸಿರುವ ನಮ್ಮವರಿಗೆ ತಿಂಗಳಿಗೊಂದು ಇ-ಮೇಲ್ ಬರೆದು, ಯಾವ ಮಗ್ಗದಿಂದ ಯಾವ ಸೀರೆ ಇಳಿದಿದೆ, ಸೆರಗು ಎಂಥದು, ಬೆಲೆ ಎಷ್ಟು ಎಂಬುದನ್ನು ತಿಳಿಸುತ್ತಾಳೆ. ಅದನ್ನು ಪಡೆಯುವವರ ಪಟ್ಟಿ ನಾಲ್ಕು ಸಾವಿರದಷ್ಟು ಬೆಳೆದಿತ್ತು. ಅದು ಬೆಳೆದಂತೆಲ್ಲ ಅವಳ ನಿದ್ರೆ ಕಡಿಮೆಯಾಗುತ್ತ ಬಂದಿತ್ತು. ಪತ್ರ ಹೊರಟ ರಾತ್ರಿ ಎಷ್ಟು ಜನ ತೆರೆದು ನೋಡಿದರು, ಎಷ್ಟು ಜನ ತಮ್ಮ ಹೆಸರನ್ನು ತೆಗೆಸಿದರು ಎಂದು ಮತ್ತೆ ಮತ್ತೆ ಮೊಬೈಲು ನೋಡುವುದು. ಮುಂಜಾನೆ ಇಷ್ಟಲಿಂಗಪೂಜೆಗೆ ಕುಳಿತಾಗಲೂ ಅದು ಮಗ್ಗುಲಲ್ಲಿಯೇ. ಕಳೆದ ಶ್ರಾವಣದಲ್ಲಿ ನಮ್ಮಲ್ಲಿಗೆ ಬಂದವಳು, “ದೊಡ್ಡಪ್ಪ, ಈ ತಿಂಗಳದಾಗ ಮೂವತ್ತೊಂದು ಮಂದಿ ಹೆಸರು ತಗಸ್ಯಾರ್ರಿ. ನಾ ಏನ್ ತಪ್ಪು ಮಾಡೀನಿ ತಿಳೀವಲ್ದು. ಈ ವ್ಯಾಪಾರಾನ ಬಿಟ್ಟಬಿಡ್ತೀನಿ” ಎಂದು ಕಣ್ಣೀರು ಹಾಕಿದಳು. ಅವಳನ್ನು ನಂಬಿ ಐದು ಮಗ್ಗಗಳು ನಡೆಯುತ್ತಿವೆ. ಆದುದರಿಂದ ಅದನ್ನು ಎಳೆಯ ಮನಸ್ಸಿನ ದುಗುಡವೆಂದು ತಳ್ಳಿಹಾಕುವಂತಿರಲಿಲ್ಲ.

ಮಠದಲ್ಲಿ ಓದುತ್ತಿದ್ದ ಕಾಲದಲ್ಲಿ ಮಾಸಪತ್ರಿಕೆಯ ಚಂದಾದಾರರ ದಫ್ತರವನ್ನು ನೋಡಿಕೊಳ್ಳುವ ಸೇವೆ ಕೆಲವು ವರ್ಷ ನನ್ನ ಪಾಲಿಗೆ ಬಂದಿತ್ತು. ಪ್ರತಿ ತಿಂಗಳೂ ಅಂಚೆಯಿಂದ ಒಂದು ಕಟ್ಟು ಮರಳಿ ಬರುತ್ತಿತ್ತು. ಕೆಲವರು ಊರು ಬಿಟ್ಟಿರುತ್ತಿದ್ದರು, ಕೆಲವರು ಲಿಂಗೈಕ್ಯರಾಗಿರುತ್ತಿದ್ದರು, ಕೆಲವರು ತೆಗೆದುಕೊಳ್ಳಲೊಲ್ಲೆ ಎಂದಿರುತ್ತಿದ್ದರು. ನಮ್ಮ ಹಿರಿಯ ಕಾರಕೂನರು ಕೆಂಪು ಶಾಯಿಯಿಂದ ಆ ಹೆಸರುಗಳ ಮೇಲೆ ಗೆರೆ ಎಳೆಯುತ್ತ, “ಇವರು ಪತ್ರಿಕೆ ಬಿಟ್ಟಾರಪ್ಪ, ಮಠ ಬಿಟ್ಟಿಲ್ಲ” ಎನ್ನುತ್ತಿದ್ದರು. ಈ ಮಾತನ್ನು ಅವಳಿಗೆ ಹೇಳಿದೆ. ಅವಳು ನಕ್ಕಳು, ಆದರೆ ನಗೆಯಿಂದ ನಿದ್ರೆ ಬರುವುದಿಲ್ಲವಷ್ಟೆ. ಆದುದರಿಂದ ಈ ಇ-ಮೇಲ್ ವ್ಯವಸ್ಥೆಯ ಒಳಗುಟ್ಟನ್ನು ಸ್ವಲ್ಪ ಅಭ್ಯಾಸ ಮಾಡಿದೆ.

ಕೇಳದವರಿಗೆ ವ್ಯಾಪಾರದ ಪತ್ರ ಕಳುಹಿಸುವ ಚಟ ಹೊಸದಲ್ಲ. 1978ರಲ್ಲಿಯೇ ಅಮೆರಿಕದ ಒಂದು ಕಂಪ್ಯೂಟರ್ ಕಂಪನಿಯು ಅಂದಿನ ಅರ್ಪಾನೆಟ್ ಜಾಲದ ಸುಮಾರು 400 ಜನರಿಗೆ ಒಮ್ಮೆಲೇ ಜಾಹೀರಾತು ಕಳುಹಿಸಿ ಆಕ್ಷೇಪಣೆಗೆ ಗುರಿಯಾಗಿತ್ತು. ಅಮೆರಿಕದ 2003ರ ಕಾನೂನು, ಹೆಸರು ತೆಗೆಯಿರೆಂದು ಕೇಳಿದವರ ಕೋರಿಕೆಯನ್ನು 10 ಕೆಲಸದ ದಿನಗಳಲ್ಲಿ ನಡೆಸಿಕೊಡಬೇಕೆಂದು ವಿಧಿಸಿತು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕೆಂಬ ನಿಯಮವಿದೆ. ಇನ್ನು 2024ರಲ್ಲಿ ಜಿಮೇಲ್‌ನವರು, ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳುಹಿಸುವವರು ಒಂದೇ ಒತ್ತಿಗೆ ಹೆಸರು ತೆಗೆಯುವ ಅನುಕೂಲ ಕಲ್ಪಿಸಬೇಕು, ದೂರುಗಳು ಸಾವಿರಕ್ಕೆ ಮೂರನ್ನು ಮುಟ್ಟಬಾರದು ಎಂದು ಗೊತ್ತುಪಡಿಸಿದರು. ನಮ್ಮ ಹುಡುಗಿಯ ವ್ಯಾಪಾರ ಅಷ್ಟು ದೊಡ್ಡದಲ್ಲ. ಆದರೂ ಓದದವರಿಗೂ ಸತ್ತ ವಿಳಾಸಗಳಿಗೂ ಪತ್ರ ಹೋಗುತ್ತಲೇ ಇದ್ದರೆ ಕಳುಹಿಸುವವರ ಮರ್ಯಾದೆ ಆ ಯಂತ್ರಗಳ ಕಣ್ಣಲ್ಲಿ ಕುಗ್ಗುತ್ತದೆ; ಕೊನೆಗೆ, ಪ್ರೀತಿಯಿಂದ ಕಾಯುತ್ತಿರುವ ಗಿರಾಕಿಯ ಪತ್ರವೂ ಸ್ಪ್ಯಾಮ್ ಎಂಬ ಕಸದ ಬುಟ್ಟಿಗೆ ಬೀಳುತ್ತದೆ. ಒಲ್ಲದವರ ಹೆಸರನ್ನು ಹಿಡಿದಿಟ್ಟುಕೊಳ್ಳುವುದರಿಂದ ನಷ್ಟವಾಗುವುದು ಒಲಿದವರಿಗೆ. ತಾನಾಗಿ ಹೆಸರು ತೆಗೆಸಿದ ಆ ಮೂವತ್ತೊಂದು ಜನರು ದೂರು ಕೊಡದೆ ಹೋದದ್ದು ಅವಳಿಗೆ ಮಾಡಿದ ಉಪಕಾರವೇ ಸರಿ.

ಅವಳ ನಿದ್ರೆಗೆಡಿಸಿದ ಇನ್ನೊಂದು ಅಂಕಿಯೆಂದರೆ ಪತ್ರ ತೆರೆದವರ ಎಣಿಕೆ. ಪತ್ರದೊಳಗೆ ಅಡಗಿಸಿಟ್ಟ ಅತಿ ಸಣ್ಣ ಚಿತ್ರವೊಂದು ಓದುಗರ ಯಂತ್ರಕ್ಕೆ ಇಳಿದಾಗ ‘ತೆರೆದರು’ ಎಂದು ಲೆಕ್ಕವಾಗುತ್ತದೆ. 2021ರಲ್ಲಿ ಆಪಲ್ ಕಂಪನಿಯು ತನ್ನ ಮೇಲ್ ಬಳಕೆದಾರರ ಖಾಸಗಿತನಕ್ಕಾಗಿ, ಅವರು ಓದಲಿ ಬಿಡಲಿ, ಚಿತ್ರಗಳನ್ನು ಮುಂಚಿತವಾಗಿಯೇ ಇಳಿಸಿಕೊಳ್ಳುವ ಏರ್ಪಾಡನ್ನು ತಂದಿತು. ಅಂದಮೇಲೆ ಆ ಅಂಕಿಯೇ ಪೊಳ್ಳು. ಪೊಳ್ಳು ಅಂಕಿಗಾಗಿ ರಾತ್ರಿ ಎಚ್ಚರವಿರುವುದು ಯಾವ ಕಾಯಕ?

ಲಕ್ಕಮ್ಮನ ದಾರಿಯನ್ನೇ ಹಿಡಿಯೋಣವೆಂದೆ. ಒಂದು ವರ್ಷದಿಂದ ಸೀರೆ ಕೊಳ್ಳದ, ಉತ್ತರಿಸದ ಎಲ್ಲರಿಗೂ “ನಿಮಗೆ ಪತ್ರ ಬರುತ್ತಿರಲೇ?” ಎಂದು ಒಂದೇ ಸಲ ಕೇಳಿದಳು. ಹೂಂ ಎಂದವರು ಉಳಿದರು. ಮೌನವಾಗಿದ್ದವರ ಹೆಸರನ್ನು ತೆಗೆದಳು. ಬೇಡವೆಂದವರ ವಿಳಾಸಗಳನ್ನು ಬೇರೆ ಪಟ್ಟಿಯಲ್ಲಿ ಬರೆದಿಟ್ಟಳು, ಕೈತಪ್ಪಿ ಮತ್ತೊಮ್ಮೆ ಕಳುಹಿಸಬಾರದಲ್ಲ. ಹೊಸಬರು ಸೇರುವಾಗ ಎರಡು ಸಲ ಒಪ್ಪಿಗೆ ಪಡೆಯುವಂತೆಯೂ, ಯಾರಾದರೂ ಹೆಸರು ತೆಗೆಸಿದರೆ ಮೊಬೈಲಿಗೆ ಸೂಚನೆ ಬಾರದಂತೆಯೂ ಅವಳ ಗಂಡ ವ್ಯವಸ್ಥೆ ಮಾಡಿಕೊಟ್ಟ. ಪಟ್ಟಿ ಅರ್ಧಕ್ಕಿಂತ ಕಡಿಮೆಯಾಯಿತು. ದೀಪಾವಳಿಗೆ ಐದೂ ಮಗ್ಗಗಳ ಸೀರೆಗಳು ಹಿಂದಿನಂತೆಯೇ ಖರ್ಚಾದವು.

ಒಂದು ತೊಡಕು ಉಳಿದಿತ್ತು. ಅಮೆರಿಕದ ಗಿರಾಕಿಗಳು ಬರೆಯುವುದು ಅವರ ಹಗಲಿನಲ್ಲಿ, ಅಂದರೆ ನಮ್ಮ ನಡುರಾತ್ರಿಯಲ್ಲಿ. ಫ್ರಾನ್ಸ್ ದೇಶದಲ್ಲಿ 2017ರಿಂದ, ಕೆಲಸದ ವೇಳೆ ಮುಗಿದ ಮೇಲೆ ಇ-ಮೇಲ್ ನೋಡದಿರುವ ಹಕ್ಕು ನೌಕರರಿಗೆ ಉಂಟು. ತನಗೆ ತಾನೇ ಒಡತಿಯಾದವಳಿಗೆ ಆ ಹಕ್ಕನ್ನು ಕೊಡುವವರಾರು? ಈಗ ಅವಳು ಪ್ರತಿ ಪತ್ರದ ಕೆಳಗೆ, ಉತ್ತರಗಳನ್ನು ಬೆಳಿಗ್ಗೆ 10ರಿಂದ 12ರವರೆಗೆ ಮಾತ್ರ ಬರೆಯುವುದಾಗಿಯೂ, ಸೋಮವಾರ ರಜೆಯೆಂದೂ ಅಚ್ಚುಕಟ್ಟಾಗಿ ತಿಳಿಸುತ್ತಾಳೆ. ಒಬ್ಬ ಗಿರಾಕಿ ಮಾತ್ರ ಗೊಣಗಿದರಂತೆ. ಆದರೂ ಅವರು ಯುಗಾದಿಗೆ ಎರಡು ಸೀರೆ ತರಿಸಿಕೊಂಡಿದ್ದಾರೆ.